ಬೀಗರು ಪಡಸಾಲೆ ನೋಡಲು ಬಂದದ್ದು

ಒಂದು ಕೆಲಸವನ್ನಾದರೂ ಅಚ್ಚುಕಟ್ಟಾಗಿ ಮಾಡಬೇಕೆಂದು ನಾನು ಮನಸ್ಸು ಗಟ್ಟಿ ಮಾಡಿದಾಗಲೆಲ್ಲ ಓಣಿಯ ಮಂದಿ ಹೊಟ್ಟೆ ಹಿಡಿದುಕೊಂಡು ನಗುವಂಥದ್ದು ಏನಾದರೊಂದು ಆಗಿಯೇ ತೀರುತ್ತದೆ. ಈಗ ನೆನೆಸಿಕೊಂಡರೆ ನನಗೂ ನಗು ಬರುತ್ತದೆ. ಆಗ ಮಾತ್ರ ಉಂಡ ಅನ್ನ ಮೈಗೆ ಹತ್ತುತ್ತಿರಲಿಲ್ಲ.

ಎಪ್ಪತ್ತರ ದಶಕದ ಮಾತು. ನಾನು ಸಿಂದಗಿಯಲ್ಲಿ ಸಾಲಿ ಮಾಸ್ತರ. ಮನೆಯಲ್ಲಿ ನಾನು, ನಮ್ಮವ್ವ ಇಬ್ಬರೇ. ಬಸವನ ಬಾಗೇವಾಡಿಗೆ ಹೋಗಿ ಒಂದು ಹುಡುಗಿಯನ್ನು ನೋಡಿ ಬಂದಿದ್ದೆ. ಚಹಾದ ಕಪ್ಪು ಬಸಿ ನನ್ನ ಕೈಗೆ ಕೊಡುವಾಗ ಆಕೆ, “ಬಿಸಿ ಐತ್ರಿ, ಸಾವಕಾಶ” ಅಂದಳು. ಅಷ್ಟೇ. ಚಹಾ ಆರಿತು, ನಾನು ಆರಲಿಲ್ಲ.

ಎಂಟು ದಿನ ಬಿಟ್ಟು ಅವರ ಕಡೆಯಿಂದ ಮಾತು ಬಂತು: “ಹುಡುಗ ಪಸಂದ ಅದಾನ. ದೀಪಾವಳಿ ಆದ ಮ್ಯಾಲ ಬಂದು ಮನಿ ನೋಡ್ತೇವಿ. ಆಮ್ಯಾಲ ಹೌದು ಅಲ್ಲ ಹೇಳ್ತೇವಿ.”

ಅವರ ಮನೆಯಲ್ಲಿ ಜೋಕಾಲಿ ಇತ್ತು, ಗಾಜಿನ ಕಪಾಟಿತ್ತು, ಬಾಗಿಲಿಗೆ ಪರದೆ ಇತ್ತು. ನಮ್ಮ ಪಡಸಾಲೆಯಲ್ಲಿ ಒಂದು ಗೋಡೆಗೆ ಜೋಳದ ಚೀಲಗಳು, ಇನ್ನೊಂದು ಗೋಡೆಗೆ ಕೌದಿಗಳ ರಾಶಿ, ನಡುವೆ ಹಗ್ಗ ಜೋತುಬಿದ್ದ ಹೊರಸು. ಇದನ್ನು ಚೆಂದ ಮಾಡಬೇಕು. ಸರಿ, ಆದರೆ ಎಲ್ಲಿಂದ ಶುರು ಮಾಡಬೇಕು?

ಮೊದಲು ಯಾವುದು?

ಕಂಡಕಂಡವರನ್ನು ಕೇಳಿದೆ. ಹೆಡ್ಮಾಸ್ತರರು “ಗ್ವಾಡಿಯಿಂದ” ಅಂದರು. ಗೌಂಡಿ “ನೆಲದಿಂದ” ಅಂದ. ಅವ್ವನನ್ನು ಕೇಳಿದರೆ, “ನಿನ್ನ ತಲಿಯಿಂದ ಶುರು ಮಾಡು, ಮದಲ ಕಟಿಂಗ್ ಮಾಡಿಸ್ಕೊ” ಅಂದಳು.

ಕೋಣೆ ಖಾಲಿಯಾದರೆ ಏನಾದರೂ ಹೊಳೆದೀತೆಂದು ಒಂದು ಮುಂಜಾನೆ ಇದ್ದಬದ್ದ ಸಾಮಾನನ್ನೆಲ್ಲ ಓಣಿಯಲ್ಲಿ ತಂದಿಟ್ಟೆ. ಖಾಲಿ ಪಡಸಾಲೆಯ ನಡುವೆ ನಿಂತೆ. ಏನೂ ಹೊಳೆಯಲಿಲ್ಲ. ಹೊರಗೆ ಬಂದು ನೋಡಿದರೆ ನಮ್ಮ ಸಾಲಿಯ ಇನ್ನೊಬ್ಬ ಮಾಸ್ತರರು, ಬಾಡಿಗೆ ಮನೆ ಹುಡುಕುತ್ತಿದ್ದವರು, ನಮ್ಮ ಹೊರಸಿನ ಮೇಲೆ ಕೂತಿದ್ದರು.

“ಟ್ರಾನ್ಸ್‌ಫರ್ ಆತಂತಲ್ರಿ? ಪಾಪ. ಈ ಮನಿ ನನಗ ಬಾಡಿಗಿ ಕೊಡ್ರಿ ಮತ್ತ.”

“ಟ್ರಾನ್ಸ್‌ಫರ್ ಅಲ್ರಿ! ಲಗ್ನದ ಮಾತು ನಡದೈತಿ, ಅದಕ್ಕ ಸಾಮಾನ ಹೊರಗ ಇಟ್ಟೇನಿ.”

ಅವರು ನಿಟ್ಟುಸಿರು ಬಿಟ್ಟು ಎದ್ದರು. ಅವರಿಗೆ ನಾಲ್ಕು ಮಕ್ಕಳು. “ಲಗ್ನ ಆದ ಮ್ಯಾಲ ಸಾಮಾನ ಒಳಗ ಇರ್ತಾವ್ರಿ ಮಾಸ್ತರ, ನಾವು ಹೊರಗ ಇರ್ತೇವಿ.”

ಬಣ್ಣ

ಕೊನೆಗೆ ಹೆಡ್ಮಾಸ್ತರರ ಮಾತಿಗೆ ಬೆಲೆ ಕೊಟ್ಟು ಗೋಡೆಯಿಂದಲೇ ಶುರು ಮಾಡಿದೆ. ಬಣ್ಣ ಬಳಿಯುವವನಿಗೆ, “ನೋಡಿದವರು ಗೌರವ ಕೊಡಬೇಕು, ಅಂಥಾ ಬಣ್ಣ ಹಚ್ಚಪಾ” ಎಂದು ಹೇಳಿ ಸಾಲಿಗೆ ಹೋದೆ. ಆತ ಅಲ್ಲಿಯವರೆಗೆ ಬಳಿದದ್ದೆಲ್ಲ ಸರ್ಕಾರಿ ಕಟ್ಟಡಗಳು. ಸಂಜೆ ಬಂದು ನೋಡಿದರೆ ಮೇಲೆ ಹಳದಿ, ಕೆಳಗೆ ಸೊಂಟದ ಮಟ ಕಡುಗೆಂಪು ಪಟ್ಟಿ. ನನಗೆ ಯಾಕೋ ಅಳುಕು ಶುರುವಾಯಿತು, ಆದರೆ ಯಾಕೆಂದು ಗೊತ್ತಾಗಲಿಲ್ಲ.

ಮರುದಿನ ಗೊತ್ತಾಯಿತು. ನಾನು ಮೇಜಿನ ಮುಂದೆ ಕೂತು ಹುಡುಗರ ಉತ್ತರ ಪತ್ರಿಕೆ ತಿದ್ದುತ್ತಿದ್ದೆ. ಕನ್ನೊಳ್ಳಿ ಕಡೆಯ ರೈತನೊಬ್ಬ ತೆರೆದ ಬಾಗಿಲಲ್ಲಿ ನಿಂತ. ಗೋಡೆ ನೋಡಿದ, ಮೇಜು ನೋಡಿದ, ಕಾಲಾಗಿನ ಚಪ್ಪಲಿ ಬಿಟ್ಟು ಒಳಗೆ ಬಂದು ಕೈ ಮುಗಿದ.

“ಸಾಹೇಬ್ರ, ಸಂತ್ಯಾಗ ನನ್ನ ಆಡು ಕಳದೈತ್ರಿ. ಫಿರ್ಯಾದಿ ಬರ್ಕೊಳ್ರಿ.”

“ಇದು ಪೊಲೀಸ್ ಠಾಣೆ ಅಲ್ಲೋ ತಮ್ಮಾ, ಮನಿ.”

ಆತ ಮತ್ತೊಮ್ಮೆ ಗೋಡೆ ನೋಡಿದ. ನಂಬಲಿಲ್ಲ. “ಬಡವ ಅದೀನ್ರಿ, ಹಂಗನಬ್ಯಾಡ್ರಿ” ಎಂದು ನೆಲದ ಮೇಲೆ ಕೂತೇಬಿಟ್ಟ.

ಗದ್ದಲ ಕೇಳಿ ಅವ್ವ ಒಳಗಿನಿಂದ ಬಂದಳು. “ಯಾವ ಬಣ್ಣದ ಆಡೋ?”

“ಕರೀದ್ರಿ ಯವ್ವಾ. ಒಂದು ಕಿವಿ ಬಿಳಿ.”

“ಹುಣಸಿ ಗಿಡದ ಬುಡಕ ಮುಂಜಾನಿಂದ ಒದರಾಕತ್ತೈತಲ್ಲೋ, ಹೋಗಿ ಹಿಡಕೊ.”

ಆತ ಓಡಿದ. ಸ್ವಲ್ಪ ಹೊತ್ತಿಗೆ ಆಡನ್ನು ಹೆಗಲ ಮೇಲೆ ಹೊತ್ತುಕೊಂಡು ತಿರುಗಿ ಬಂದು, ನನ್ನ ಕಡೆ ಕಣ್ಣೆತ್ತಿಯೂ ನೋಡದೆ ಅವ್ವನಿಗೆ ಬಾಗಿ ನಮಸ್ಕಾರ ಮಾಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ:

“ದೊಡ್ಡ ಸಾಹೇಬ್ರು ಇವರೇ ಏನ್ರಿ?”

ಒಂದು ಮೊಳೆ

ಬಿಳಿ ಸುಣ್ಣ ಬಳಿಸಿ ಆ ಬಣ್ಣ ಮುಚ್ಚಿಸಿದೆ. ಬಿಳಿ ಗೋಡೆ ಬೋಳು ಬೋಳಾಗಿ ಕಂಡಿತು. ಅಪ್ಪನ ದೊಡ್ಡ ಫೋಟೋ ಇತ್ತು, ಅದನ್ನು ಹಾಕೋಣವೆಂದರೆ ಸಣ್ಣ ಮೊಳೆ ಮಣ್ಣಿನ ಗೋಡೆಯಲ್ಲಿ ನಿಲ್ಲಲಿಲ್ಲ. ಚಕ್ಕಡಿಗೆ ಬಡಿಯುವ ಉದ್ದನೆಯ ಮೊಳೆ ತಂದು, ಸಿಟ್ಟಿನಿಂದ ನಾಲ್ಕು ಏಟು ಬಿಗಿದೆ. ಈ ಸಲ ಗಟ್ಟಿಯಾಗಿ ಕೂತಿತು.

ಆ ಗೋಡೆಯ ಆಚೆಗೆ ಚಾಚಿಯ ಮನೆ. ಮೂರು ತಲೆಮಾರಿನಿಂದ ನಮ್ಮ ಬಾಜೂಕಿನವರು. ಏಟು ನಿಂತ ಕೂಡಲೇ ಆ ಕಡೆಯಿಂದ ಚಾಚಿ ಗೋಡೆ ಬಡಿದಳು. ಯಾರಿಗೆ ಚುಚ್ಚಿತೋ, ಏನು ಒಡೆಯಿತೋ!

“ಮಾಸ್ತರ!” ಚಾಚಿ ಗೋಡೆಯಾಚೆಯಿಂದಲೇ ಕೂಗಿದಳು. “ಬಾಳ ಚಲೋ ಆತ್ ನೋಡಪಾ. ಚಾಚಾಂದು ಟೊಪಿಗಿ ಸಿಗಿಸೇನಿ. ಇದರ ಬಾಜೂಕ ಇನ್ನೊಂದು ಹೊಡಿ, ಛತ್ರಿಗೆ ಆಗ್ತೈತಿ.”

ಪರದೆ

ಜೋಳದ ಚೀಲ ಇಡಲು ಬೇರೆ ಜಾಗವಿರಲಿಲ್ಲ. ಪರದೆ ಹಾಕಿ ಮುಚ್ಚುವುದೆಂದು ಠರಾಯಿಸಿದೆವು. ಇಂಡಿಯಲ್ಲಿದ್ದ ನಮ್ಮ ಅಕ್ಕ ಬಸ್ಸಿನಲ್ಲಿ ಎರಡು ಬಟ್ಟೆ ಕಳಿಸಿದಳು. ಪರದೆಗೆಂದು ಅಂಗೈಯಗಲದ ಕೆಂಪು ಹೂವಿನದು, ಬೀಗರು ಬಂದಾಗ ನಾನು ಹಾಕಿಕೊಳ್ಳಲೆಂದು ಬಿಳಿ ಟೆರಿಲಿನ್. ಎರಡನ್ನೂ ಸಿಂಪಿಗನ ಕೈಗೆ ಕೊಟ್ಟು, “ಒಂದು ಅಂಗಿ, ಒಂದು ಪರದಿ” ಅಂದೆ. ಯಾವುದು ಯಾವುದಕ್ಕೆಂದು ಹೇಳಬೇಕೆಂದು ನನಗೆ ಹೊಳೆಯಲಿಲ್ಲ. ಅದನ್ನೂ ಹೇಳಬೇಕೇನು?

ಬೀಗರು ಬರುವ ಹಿಂದಿನ ದಿನ ಗಂಟು ಬಿಚ್ಚಿದೆ. ಕೆಂಪು ಹೂವಿನ ಅಂಗಿ, ಬಿಳಿ ಟೆರಿಲಿನ್ ಪರದೆ.

ಸಿಂಪಿಗನ ಹತ್ತಿರ ಓಡಿದೆ. ಆತ ಹೊಲಿಗೆ ಮಷೀನಿನ ಗಾಲಿ ನಿಲ್ಲಿಸಲೂ ಇಲ್ಲ. “ಈಗಿನ ಹುಡುಗರು ಇಂಥಾದ್ದೇ ಹೊಲಸ್ಕೊಂತಾರ್ರಿ. ಹೋದ ಹರೇ ತಿರುಗಿ ಬರಂಗಿಲ್ಲ, ಹಾಕ್ಕೊಳ್ರಿ.”

ಟೆರಿಲಿನ್ ಪರದೆಯನ್ನೇ ಕಟ್ಟಿದೆವು. ಅದರೊಳಗಿಂದ ಚೀಲಗಳು, ಚೀಲದ ಮೇಲಿನ ಅಕ್ಷರಗಳು, ಒಂದು ಇಲಿ, ಎಲ್ಲವೂ ಸ್ಪಷ್ಟವಾಗಿ ಕಂಡವು. ನಾನು ತಲೆ ಹಿಡಿದುಕೊಂಡು ಕೂತೆ. ಅವ್ವ ಮಾತ್ರ ಸಮಾಧಾನದಿಂದ ದಾರಿ ಹೇಳಿದಳು:

“ಅದಕ್ಯಾಕ ಅಷ್ಟ ಚಿಂತಿ ಮಾಡ್ತಿ? ಅವರು ಬಂದಾಗ ಆ ಅಂಗಿ ಹಾಕ್ಕೊಂಡು ನೀನೇ ಚೀಲದ ಮುಂದ ಕೈ ಅಗಲಿಸಿ ನಿಂದ್ರು.”

ಸೋಫಾ

ಇಷ್ಟಾದರೂ ನನಗೊಂದು ಧೈರ್ಯವಿತ್ತು. ಮುದ್ದೇಬಿಹಾಳದ ಒಬ್ಬ ಬಡಿಗೇರನಿಗೆ ಮೂವರು ಕೂಡ್ರುವ ಸೋಫಾ ಮಾಡಲು ಹೇಳಿದ್ದೆ. ಪಡಸಾಲೆಯಲ್ಲಿ ಸೋಫಾ ಇದ್ದರೆ ಯಾರ ಕಣ್ಣೂ ಬೇರೆ ಕಡೆ ಹೋಗುವುದಿಲ್ಲ ಎಂಬುದು ನನ್ನ ಲೆಕ್ಕ. ಬೀಗರು ಮಧ್ಯಾಹ್ನ ಬರುವವರಿದ್ದರು. ಮುಂಜಾನೆಯೇ ಲಾರಿಯಲ್ಲಿ ಸೋಫಾ ಹೇರಿಕೊಂಡು ಬಡಿಗೇರ ಬಂದ. ತೇಗದ ಕಟ್ಟಿಗೆ, ಹಸಿರು ರೆಕ್ಸಿನ್. ನೋಡಿ ನನ್ನ ಕಣ್ಣು ತುಂಬಿ ಬಂದವು.

ಒಂದು ತುದಿಯಿಂದ ಒಳಗೆ ನೂಕಿದೆವು. ಅರ್ಧ ಹೋಯಿತು, ಅಲ್ಲಿಗೆ ಗಕ್ಕನೆ ನಿಂತಿತು. ಹಿಂದಕ್ಕೆ ಜಗ್ಗಿದರೆ ಹಿಂದಕ್ಕೂ ಬರಲಿಲ್ಲ.

“ಅಳತಿ ತಗೊಂಡಿದ್ದೆಲ್ಲೋ ಮಾರಾಯಾ?”

“ಪಡಸಾಲಿದು ತಗೊಂಡೇನ್ರಿ. ಬಾಗಲದ್ದು ನೀವು ಹೇಳಲಿಲ್ಲ.”

ಆ ಮನೆಗೆ ಅದೊಂದೇ ಬಾಗಿಲು. ಅವ್ವ ಒಳಗೆ, ನಾನು ಹೊರಗೆ. ಬೆವರು ಸುರಿಸುತ್ತ ಜಗ್ಗಾಡುತ್ತಿರುವಾಗ ಬೆನ್ನ ಹಿಂದೆ ಯಾರೋ ಕೆಮ್ಮಿದರು. ತಿರುಗಿ ನೋಡಿದರೆ ಹುಡುಗಿಯ ಅಪ್ಪ, ಅವರ ಜೊತೆಗೆ ಕೋಲು ಹಿಡಿದ ಅವರ ತಾಯಿ, ಅಂದರೆ ಹುಡುಗಿಯ ಆಯಿ. ನಿಡಗುಂದಿಯಿಂದ ಬಾಗೇವಾಡಿ ಮೇಲೆ ಹಾದು ಬರುವ ಮೊದಲನೆಯ ಬಸ್ಸೇ ಸಿಕ್ಕಿತಂತೆ.

ಒಳಗಿನಿಂದ ಅವ್ವ ರೂಢಿಯಂತೆ ಕೂಗಿದಳು: “ಬರ್ರಿ ಬರ್ರಿ, ಒಳಗ ಬರ್ರಿ!”

ಯಾರು ಹೇಗೆ ಬರಬೇಕು? ಹುಡುಗಿಯ ಅಪ್ಪ ಬಗ್ಗಿ ನೋಡಿದರು, ಹಣಿಕಿ ನೋಡಿದರು, ಮುಖ ಗಂಟಿಕ್ಕಿದರು. ಆಯಿ ಮಾತ್ರ, “ಕಾಲು ಬಾಳ ನೋಯಾಕತ್ತಾವಪಾ” ಎನ್ನುತ್ತ ಸೋಫಾದ ಹೊರಗಿನ ಅರ್ಧದ ಮೇಲೆ ಕೂತುಬಿಟ್ಟಳು. ಅವಳು ಕೂತದ್ದನ್ನು ನೋಡಿ ಅವ್ವ ಒಳಗಿನ ಅರ್ಧದ ಮೇಲೆ ಕೂತಳು. ಒಂದೇ ಸೋಫಾ, ನಡುವೆ ಬಾಗಿಲ ಚೌಕಟ್ಟು. ಅವ್ವ ಸಂದಿಯಿಂದ ನೀರಿನ ಚಂಬು ಕೊಟ್ಟಳು, ಬೆಲ್ಲ ಕೊಟ್ಟಳು, ಚೂಡಾದ ತಾಟು ಕೊಟ್ಟಳು. ಓಣಿಯ ಮಂದಿ ನೆರೆಯಿತು.

“ಮನಿ ನೋಡಾಕ ಬಂದಿದ್ವಿ” ಎಂದು ಆಯಿ ಚೂಡಾ ಮೆಲ್ಲುತ್ತ ಅಂದಳು.

“ಏನಂತ ಹೇಳ್ಲಿ ತಾಯಿ!” ಅಂದಳು ಅವ್ವ. “ಮನಿ ಮದಲ ಹಿಂಗಿದ್ದಿಲ್ಲ, ಚಲೋ ಇತ್ತು. ನೀವು ಬರ್ತೀರಿ ಅಂತ ಹೇಳಿ ನನ್ನ ಮಗ ಒಂದು ತಿಂಗಳಿಂದ ಊಟ ನಿದ್ದಿ ಬಿಟ್ಟು ಕೆಡಿಸ್ಯಾನ.”

ಆಯಿ ನಕ್ಕಳು. ಅವಳ ಮಗ ನಗಲಿಲ್ಲ. ಪಂಚೆ ಕೊಡವಿಕೊಂಡು, “ಹೊತ್ತಾತು. ಮತ್ತೊಮ್ಮೆ ಬರ್ತೇವಿ” ಅಂದರು.

ಮತ್ತೊಮ್ಮೆ ಬರ್ತೇವಿ ಅಂದರೆ ಏನು ಅರ್ಥವೆಂದು ನಮ್ಮ ಕಡೆಯ ಸಣ್ಣ ಮಕ್ಕಳಿಗೂ ಗೊತ್ತು. ಬಿಸಿ ಐತ್ರಿ, ಸಾವಕಾಶ ಅಂದ ಹುಡುಗಿ ಬೇರೆ ಯಾರ ಕೈಗೋ ಕಪ್ಪು ಬಸಿ ಕೊಡುವುದು ಕಣ್ಣಿಗೆ ಕಟ್ಟಿತು. ನಾಚಿಕೆ ಬಿಟ್ಟು ಅವರ ಮುಂದೆ ಕೈ ಮುಗಿದೆ. “ಮಾವಾರ, ಒಂದ ನಿಮಿಷ ನಿಂದರ್ರಿ. ಇನ್ನೊಂದು ಸಲ ನೂಕ್ತೇನಿ. ಒಳಗ ಬಂದು ಒಂದು ಗುಟುಕು ಚಹಾನರ ಕುಡದು ಹೋಗ್ರಿ.”

ಮಾವಾರ ಎಂದು ಬಾಯಿ ತಪ್ಪಿ ಬಂದಿತ್ತು. ಅವರು ನನ್ನ ಮುಖ ನೋಡಿದರು. ಏನು ಕಂಡಿತೋ, ಟೊಪಿಗೆ ತೆಗೆದು ತಾಯಿಯ ಕೈಗೆ ಕೊಟ್ಟು, ಆಕೆಯನ್ನು ಎಬ್ಬಿಸಿ ಕಟ್ಟೆಯ ಮೇಲೆ ಕೂಡ್ರಿಸಿ, ತೋಳು ಮಡಿಸಿದರು. “ಬಾಜೂಕ ಸರೀರಿ ಮಾಸ್ತರ. ನಿಮ್ಮ ಕೈಲಿ ಆಗಂಗಿಲ್ಲ.”

ಅವ್ವ ಒಳಗೆ ದೂರ ಸರಿದಳು. ನಾನು ಒಂದು ಬದಿ, ಬಡಿಗೇರ ಇನ್ನೊಂದು ಬದಿ, ನಡುವೆ ಅವರು ಭುಜ ಕೊಟ್ಟು, “ಹುಂ!” ಅಂದರು. ಫಡ್ಡನೆ ಸಪ್ಪಳಾಯಿತು. ಸೋಫಾ ಒಳಗೆ ಹೋಯಿತು. ಅದರ ಸಂಗಡ ಹಳೆಯ ಚೌಕಟ್ಟು, ಎರಡೂ ಕದ ಹೋದವು. ಅವುಗಳ ಹಿಂದೆ ಅವರೂ ಹೋದರು.

ಮಣ್ಣಿನ ಧೂಳು ಇಳಿದ ಮೇಲೆ ನೋಡಿದೆವು. ಪಡಸಾಲೆಯ ನಟ್ಟನಡುವೆ ಸೋಫಾ, ಸೋಫಾದ ಮೇಲೆ ಅವರು, ಅವರ ಕೊರಳಲ್ಲಿ ಬಾಗಿಲ ತೋರಣ. ಎದುರಿಗೆ ಅವ್ವ, ಕೈಯಲ್ಲಿ ಚಹಾದ ಕಪ್ಪು.

ಹೊರಗಿನಿಂದ ಆಯಿ ಕೋಲೂರಿಕೊಂಡು ಸಾವಕಾಶ ಒಳಗೆ ಬಂದಳು. ತಲೆ ತಗ್ಗಿಸುವ ಕಾರಣವೇ ಇರಲಿಲ್ಲ, ಬಾಗಿಲೇ ಇರಲಿಲ್ಲ. ಮಗನನ್ನು ಮೇಲಿಂದ ಕೆಳಗೆ ನೋಡಿ ಅಂದಳು:

“ಬೀಗರ ಮನಿ ಬಾಗಲಾ ಮುರಕೊಂಡು ಒಳಗ ಹೊಕ್ಕ ಮ್ಯಾಲ, ಹೆಣ್ಣು ಕೊಡಂಗಿಲ್ಲ ಅನ್ನಾಕ ನಿನಗ ಬಾಯಿ ಎಲ್ಲೈತೋ? ಏ ಬೀಗತಿ, ಸಕ್ರಿ ತಗೊಂಡು ಬಾ, ಬಾಯಿ ಸಿಹಿ ಮಾಡಿ ಮಾತು ಮುಗಸೂಣು!”