ಸೀಸೆ ಭತ್ತಕ್ಕೆ ಬಿಸಿಲು

ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಅದು ಎರಡು ಸಾವಿರದ ನಾಲ್ಕೋ ಐದೋ, ಸಸಿಗೆ ಕವುಚಿದ ಪ್ಲಾಸ್ಟಿಕ್ ಡಬ್ಬ ನೀಲಿಯೋ ಬಿಳಿಯೋ, ಹೇಳಲಾರೆ. ನನ್ನ ತಪ್ಪಿಲ್ಲ ಎನ್ನುವ ವಿವರಗಳು ಮಾತ್ರ ಅನುಮಾನ ಬರುವಷ್ಟು ಸ್ಪಷ್ಟವಾಗಿವೆ.

ಎಂ.ಎಸ್ಸಿ. ಮುಗಿಸಿ ಬದನಗುಪ್ಪೆ ಹತ್ತಿರದ ಸಣ್ಣ ಲ್ಯಾಬೊಂದರಲ್ಲಿ ಬಾಳೆ ಸಸಿಗಳನ್ನು ಬಾಟಲಿಯಲ್ಲಿ ಬೆಳೆಸುತ್ತಿದ್ದೆ. ನೆಂಟರು ಅದಕ್ಕೆ ‘ಸೀಸೆ ಬೇಸಾಯ’ ಎಂದು ಹೆಸರಿಟ್ಟಿದ್ದರು. ಭೀಮನಬೀಡಿನ ದೊಡ್ಡವ್ವನಂತೂ ನೇರವಾಗಿಯೇ ಕೇಳಿದ್ದಳು: “ನೆಲಕ್ಕೇನು ರೋಗ ಬಂದದೆ ಅಂತ ಸೀಸೆಲಿ ಬೆಳೀತೀಯಮ್ಮಿ?” ಆ ಮಾತು ನಾಟಿತು. ಅವಳ ದೇವರ ಗೂಡಿನ ಮೇಲೆ ತೀರಿಹೋದ ದೊಡ್ಡಪ್ಪ ಕೊನೆಯ ಸಲ ಬೆಳೆದ ಕೆಂಪು ಭತ್ತದ ತೆನೆಕಟ್ಟು ತೂಗುತ್ತಿತ್ತು. ಗದ್ದೆಗೆಲ್ಲ ಅರಿಶಿನದ ಬೆಳೆ ಬಂದ ಮೇಲೆ ಆ ತಳಿ ಊರಲ್ಲಿ ಬೇರೆಲ್ಲೂ ಉಳಿದಿರಲಿಲ್ಲ. ಹಳೇ ಕಾಳು, ಮಣ್ಣಿಗೆ ಹಾಕಿದರೆ ಮೊಳೆಯುತ್ತಿರಲಿಲ್ಲ. ಲ್ಯಾಬಿನಲ್ಲಿ ಎಬ್ಬಿಸಿಕೊಡುತ್ತೇನೆಂದೆ. ದೊಡ್ಡವ್ವ ಕೈಮುಗಿದು ಇಡೀ ಕಟ್ಟನ್ನು ಇಳಿಸಿ ನನ್ನ ಮಡಿಲಿಗೆ ಹಾಕಿದಳು.

ಸಿಪ್ಪೆ ಸುಲಿದು, ಔಷಧಿಯಲ್ಲಿ ತೊಳೆದು, ಸಕ್ಕರೆ ಬೆರೆತ ಜೆಲ್ಲಿಯ ಮೇಲೆ ಕಟ್ಟಿನ ಕಾಳನ್ನೆಲ್ಲ ಒಂದೊಂದಾಗಿ ಕೂರಿಸಿದೆ. ಕರೆಯದೆ ಊಟಕ್ಕೆ ಬಂದ ನೆಂಟರಂತೆ ಬೂಷ್ಟು ಬಾಟಲಿ ಬಾಟಲಿಯಲ್ಲೂ ಕೂತಿತು. ಕೊನೆಗೆ ಒಂದೇ ಒಂದು ಕಾಳಿನಲ್ಲಿ ಹಳದಿ ಗಂಟು ಎದ್ದು, ಅದರಿಂದ ಚಿಗುರು, ಬೇರು ಬಂದವು. ಆ ಗಂಟನ್ನು ತುಂಡು ಮಾಡಿ ಹತ್ತು ಬಾಟಲಿಗೆ ಹಾಕಿ ಕಾಯಬಹುದಿತ್ತು. ಅದನ್ನೇ ಓದಿ ಪಾಸಾಗಿದ್ದೆ. ಆದರೆ ನನಗೆ ದೊಡ್ಡವ್ವನ ಬಾಯಿ ಮುಚ್ಚಿಸುವ ಆತುರ. ಇದ್ದೊಂದು ಸಸಿಯನ್ನು ಕುಂಡಕ್ಕಿಳಿಸಿ, ಗುಂಡ್ಲುಪೇಟೆ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೊರಟೆ. ಸೀಸೆಯ ತೇವದಲ್ಲಿ ಬೆಳೆದದ್ದಕ್ಕೆ ಗಾಳಿ ಬಿಸಿಲು ಒಗ್ಗುವುದಿಲ್ಲ. ಡಬ್ಬ ಕವುಚಿ, ದಿನದಿನಕ್ಕೆ ಸ್ವಲ್ಪ ಸ್ವಲ್ಪವೇ ತೆರೆಯಬೇಕು. ಜಗಲಿಯ ನೆರಳಲ್ಲಿ ಕವುಚಿಟ್ಟು ಬಂದೆ.

ಮುಂದಿನ ಭಾನುವಾರ ಅದು ಅಂಗಳದ ತುಳಸಿಯ ಪಕ್ಕ ಒಣಹುಲ್ಲಾಗಿ ನಿಂತಿತ್ತು. ಕುಂಡಕ್ಕೆ ದೊಡ್ಡವ್ವ ಕುಂಕುಮ ಇಟ್ಟಿದ್ದಳು.

“ಉಸ್ರು ಕಟ್ಟಂಗೆ ನೀನು ಮುಚ್ಬುಟ್ಟಿದ್ದೆ ಕಣಮ್ಮಿ. ನಿಮ್ಮ ದೊಡ್ಡಪ್ಪನ ಭತ್ತ, ವಸಿ ಬಿಸ್ಲು ಕಾಣ್ಲಿ ಅಂತ ನಾನೇ ತೆಗ್ದೆ.”

ನಾನು ತೇವಾಂಶದ ಬಗ್ಗೆ ಒಂದು ಪಾಠವನ್ನೇ ಮಾಡಿದೆ. ಅವಳು ದೇವರ ಗೂಡಿನ ಮೇಲೆ ತೆನೆಕಟ್ಟು ತೂಗುತ್ತಿದ್ದ ಖಾಲಿ ಜಾಗವನ್ನು ನೋಡುತ್ತ ಪೂರ್ತಿ ಕೇಳಿಸಿಕೊಂಡಳು.

ಡಬ್ಬ ಕವುಚಿಟ್ಟ ದಿನದ ಡೈರಿಯಲ್ಲಿ ‘ತೆಗೆಯಬೇಡ ಎಂದು ಎರಡು ಸಲ ಹೇಳಿದೆ’ ಎಂದಿದೆ. ಆ ಪುಟವೆಲ್ಲ ನೀಲಿ ಶಾಯಿ. ಆ ಒಂದು ಸಾಲು ಮಾತ್ರ, ಸಸಿ ಒಣಗಿದ್ದನ್ನು ಕಂಡ ಭಾನುವಾರದ ಪುಟದಂತೆ, ಕಪ್ಪು ಶಾಯಿ. ಹೋದ ಸಲ ಊರಿಗೆ ಹೋದಾಗ, ಸೊಸೈಟಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ದೊಡ್ಡವ್ವನ ಎದುರು ಕೂತು ಕೇಳಿಯೇ ಬಿಟ್ಟೆ.

“ದೊಡ್ಡವ್ವ, ಡಬ್ಬ ತೆಗೀಬೇಡ ಅಂತ ನಾನು ನಿಂಗೆ ಹೇಳಿದ್ನಾ?”