ಹುಳ ಮುಟ್ಟದ ನೇರಳೆ ಎಲೆ

ನನಗೆ ಹೊಟ್ಟೆಕಿಚ್ಚಿಲ್ಲವೆಂದರೆ ನನ್ನ ಗಂಡನೇ ನಕ್ಕುಬಿಟ್ಟಾರು. ಆದರೆ ನನ್ನದು ಪಕ್ಕದವರ ಬಂಗಾರ ನೋಡಿ ಹುಟ್ಟುವ ಸಾಮಾನ್ಯ ಕಿಚ್ಚಲ್ಲ. ನನಗೆ ಹೊಟ್ಟೆ ಉರಿಯುವುದು ಎದುರುಮನೆಯ ಗಂಗಕ್ಕನ ನೇರಳೆ ಮರ ಕಂಡು. ದಹಿಸರ್‌ನ ನಮ್ಮ ಬಿಲ್ಡಿಂಗಿನ ಹಿಂದೆ ಗುಡ್ಡದಿಂದಿಳಿದು ಬರುವ ಸಣ್ಣ ತೊರೆಯಿದೆ. ವರ್ಷಗಳ ಹಿಂದೆ ನಾನೂ ವಿಜಯಪುರದ ಈ ಗಂಗಕ್ಕನೂ ದಾದರ್‌ನಿಂದ ತಂದ ಒಂದೇ ಪೊಟ್ಟಣದ ನೇರಳೆ ತಿಂದು, ತೊರೆಯ ದಡದಲ್ಲಿ ಒಂದೊಂದು ಬೀಜ ಊರಿದ್ದೆವು. ಅವರ ಮರದ ಹಣ್ಣು ಸಕ್ಕರೆ. ನನ್ನದನ್ನು ಬಾಯಿಗಿಟ್ಟರೆ ಮುಖ ಸೊಟ್ಟ. ಒಳ್ಳೆಯ ಬೀಜವನ್ನು ಅವರೇ ಆರಿಸಿಕೊಂಡರೆಂಬ ಗುಮಾನಿ ನನಗೆ ಇವತ್ತಿಗೂ ಹೋಗಿಲ್ಲ.

ಇಷ್ಟು ಸಾಲದೆಂದು ಚೆಂಬೂರಿನಿಂದ ಶ್ರೇಯಾ ಎಂಬ ಕಾಲೇಜು ಹುಡುಗಿ ಬಂದಳು. ಒಂದೇ ಜಾತಿಯ ಮರಗಳಲ್ಲೂ ಎಲೆ ಬೇರೆ ಬೇರೆ ಇದ್ದರೆ ತೊರೆಯ ಹುಳಗಳಿಗೆ ಏನಾಗುತ್ತದೆಂದು ನೋಡಬೇಕಂತೆ. ಎರಡೂ ಮರಗಳ ಉದುರೆಲೆಯನ್ನು ಬಲೆಚೀಲಗಳಲ್ಲಿ ತುಂಬಿ, ನನ್ನದಕ್ಕೆ ಕೆಂಪು ದಾರ, ಗಂಗಕ್ಕನದಕ್ಕೆ ನೀಲಿ ದಾರ ಕಟ್ಟಿ ನೀರಿನಲ್ಲಿಟ್ಟಳು. "ಆಂಟಿ, ಒನ್ ಮಂತ್ ಟಚ್ ಮಾಡ್ಬೇಡಿ, ಪ್ಲೀಸ್" ಎಂದಳು.

ಇಪ್ಪತ್ತನೆಯ ದಿನ ಟಚ್ ಮಾಡಿದೆ. ನೀಲಿ ದಾರದ ಚೀಲದಲ್ಲಿ ಹುಳಗಳ ಮದುವೆ ಊಟವೇ ನಡೆದಿತ್ತು; ಎಲೆಯ ನರವಷ್ಟೇ ಉಳಿದಿತ್ತು. ನನ್ನ ಎಲೆಗಳು ಆಗಷ್ಟೇ ಉದುರಿದಂತೆ ಗಟ್ಟಿಯಾಗಿದ್ದವು. ಮನುಷ್ಯರ ಮಾತು ಬಿಡಿ, ಹುಳಕ್ಕೂ ಗಂಗಕ್ಕನದೇ ಬೇಕೆ! ಸುತ್ತ ಯಾರೂ ಇರಲಿಲ್ಲ. ದಾರ ಬಿಚ್ಚಿ ಅದಲುಬದಲು ಕಟ್ಟಿಬಿಟ್ಟೆ.

ತಿಂಗಳಾದ ಮೇಲೆ ಶ್ರೇಯಾ ನಮ್ಮಿಬ್ಬರ ಮುಂದೆಯೇ ಚೀಲ ಬಿಚ್ಚಿದಳು. ಕೆಂಪು ದಾರದ್ದು ಬಹುತೇಕ ಖಾಲಿ. ನಾನು ಸೆರಗು ಸರಿಮಾಡಿಕೊಂಡು ನಿಂತೆ. ಅವಳು ನನ್ನತ್ತ ನೋಡಲೂ ಇಲ್ಲ. ನೀಲಿ ದಾರ ಕಟ್ಟಿಕೊಂಡಿದ್ದ ನನ್ನ ಎಲೆಯ ಚೀಲವನ್ನು ಎತ್ತಿ ಹಿಡಿದು ಕುಣಿದಳು.

"ಅರೇ ವಾ! ಬೇಗ ಮುಗಿಯೋ ಎಲೆ ಕಾಮನ್, ಆಂಟಿ. ಇದು ಸ್ಲೋ. ಬಾಕಿ ಎಲ್ಲ ಖತಮ್ ಆದ್ಮೇಲೂ ಹುಳಗಳಿಗೆ ಖಾನಾ ಇರ್ತದೆ. ತೊರೆಗೆ ಇಂಥ ಮರಾನೂ ಬೇಕು!"

ಗಂಗಕ್ಕ ಹಿಗ್ಗಿಹೋದರು. "ಮತ್ತೇನ್ರಿ! ನನ್ನ ಗಿಡ ನನ್ನಂಗ ಗಟ್ಟಿ ಐತಿ. ನಿಮ್ದು ನೋಡ್ರಿ, ತಿಂಗಳದಾಗ ಮುಗದೇ ಹೋತು."

ಗಂಗಕ್ಕನನ್ನು ಅವರ ಮರಕ್ಕೆ ಒರಗಿಸಿ ಶ್ರೇಯಾ ಫೋಟೋ ತೆಗೆದಳು. ಮೊಬೈಲ್ ಬೆಳಕಿಗೆ ಅಡ್ಡ ಬರಬೇಡಿರೆಂದು ನನ್ನನ್ನು ಪಕ್ಕಕ್ಕೆ ಸರಿಸಿದಳು.

ಈಗ ಗಂಗಕ್ಕನ ಮರದ ಎಲೆಯನ್ನೇ ಇನ್ನೂ ಐದು ಚೀಲ ಇಡುತ್ತಾಳಂತೆ. ಹುಳಗಳು ಅದನ್ನು ಮುಕ್ಕಿದರೆ ನನ್ನ ಬಣ್ಣ ಬಯಲು. "ಎಲೆ ನಾನೇ ಆರಿಸಿಡ್ತೇನೆ ಮಾರಾಯ್ತಿ, ನಿನಗ್ಯಾಕೆ ತೊಂದರೆ" ಎಂದೆ. ಇವತ್ತು ಬೆಳಿಗ್ಗೆ ನನ್ನ ಮರದಡಿ ಕೂತು, ಒಂದೂ ತೂತಿಲ್ಲದ ಎಲೆಗಳನ್ನು ಆರಿಸಿ, ಒರೆಸಿ, ಐದು ಚೀಲ ತುಂಬಿದೆ. ಐದಕ್ಕೂ ಚಂದದ ಅಕ್ಷರದಲ್ಲಿ ಗಂಗಕ್ಕನ ಹೆಸರು ಬರೆದೆ.