ದರ್ಜಿ ಕಂಡ ಬಿಳಿ ನೂಲು

ಸಾಕುನಾಯಿ ಕೆಂಚನ ಕಣ್ಣಲ್ಲಿ ಬಿಳಿ ನೂಲು ಕಂಡದ್ದೇ ದರ್ಜಿಯ ಆವತ್ತಿನ ಗ್ರಹಚಾರಕ್ಕೆ ನಾಂದಿ. ದರ್ಜಿಯ ಮನೆಯಲ್ಲಿ ಊಟದ ತಟ್ಟೆಯಲ್ಲೂ ನೂಲು ಸಿಗುತ್ತಿತ್ತು. ನಾಯಿಯ ಕಣ್ಣಲ್ಲಿ ಸಿಕ್ಕರೆ ಏನು ಮಹಾ? ಕನ್ನಡಕ ಏರಿಸಿಕೊಂಡು, ಕೆಂಚನ ಮೂತಿ ಎತ್ತಿ, ಎರಡು ಬೆರಳಲ್ಲಿ ಎಳೆಯಲು ಹೋದ. ನೂಲು ಸರಸರನೆ ಹರಿದು ರೆಪ್ಪೆಯೊಳಗೆ ಅಡಗಿತು.

"ಇವಳೇ! ನೂಲು ಓಡಿಹೋಯ್ತು!"

ಹೆಂಡತಿ ಬಂದು ಬಗ್ಗಿ ನೋಡಿದಳು. "ನೂಲಲ್ಲ ರೀ, ಹುಳ! ಅದಕ್ಕೇ ಅದು ಕಣ್ಣು ಉಜ್ಜಿಕೊಳ್ತಿತ್ತು. ಹೇಳಿದ್ರೆ ನೀವು ಕಿವಿಗೇ ಹಾಕ್ಕೊಳ್ಳಲ್ಲ. ಕಣ್ಣು ಹೋದ್ರೆ ಪಾಪದ್ದರ ಗತಿ ಏನು?"

"ಅಂಗಡಿ ಹಾಳಾಗಿ ಹೋಗಲಿ. ಈ ಹುಳ ತೆಗೆಸೋ ತನಕ ನಾನು ನೀರೂ ಮುಟ್ಟಲ್ಲ," ಎಂದು ದರ್ಜಿ ಶಪಥ ಮಾಡಿದ. ಮಾಡಿದ್ದೇ ತಡ, ಬಾಯಾರಿಕೆ ಶುರುವಾಯಿತು.

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ಡಾಕ್ಟರು ಯಾಕಯ್ಯಾ? ಉಪ್ಪುನೀರು ಹಾಕು, ಸಾಕು. ನಮ್ಮ ಜಾಣನ್ನ ನೋಡು. ನಿನ್ನ ಕೆಂಚನ ಒಡಹುಟ್ಟು, ಅದೇ ಬಣ್ಣ, ಅದೇ ಮೂತಿ. ಹುಳ ಗಿಳ ಅದರ ಹತ್ತಿರ ಸುಳಿಯಲ್ಲ. ಸಾಕೋದು ಗೊತ್ತಿರಬೇಕು!"

ಎರಡೂ ಮನೆಯ ಗೇಟು ಹಾರುಹೊಡೆದಿಟ್ಟು, ಉಪ್ಪುನೀರಿನ ಚೊಂಬು ಹಿಡಿದು ಮೇಷ್ಟ್ರು ಒಳಗೆ ಬಂದರು. ಚೊಂಬು ಕಂಡ ಕೆಂಚ ಬಿಟ್ಟ ಬಾಣವಾದ.

ದರ್ಜಿ ಹಿಂದೆಯೇ ಓಡಿದ. ಬೀದಿಯ ತುದಿಯಲ್ಲಿ ಪೈಪು ಹಾಕಲು ಅಗೆದ ಗುಂಡಿಯಿತ್ತು. ಅದರೊಳಗೆ ಕಾಲು ಜಾರಿ ಬಿದ್ದಾಗ ಕನ್ನಡಕ ಕೆಸರಿನ ಪಾಲಾಯಿತು. ಕನ್ನಡಕವಿಲ್ಲದ ದರ್ಜಿಗೆ ಎಮ್ಮೆಯೂ ಒಂದೇ, ಎಮ್ಮೆಯ ನೆರಳೂ ಒಂದೇ. ಆದರೂ ಪಕ್ಕದಲ್ಲೇ ಕೆಸರಲ್ಲಿ ಹೊರಳುತ್ತಿದ್ದ ನಾಯಿ ಕಂಡಿತು. ಹಾರಿ ತಬ್ಬಿಕೊಂಡ. ಅದು ಅವನ ಮೊಣಕೈಯನ್ನು ಕಚಕ್ಕನೆ ಕಚ್ಚಿತು.

"ಅನ್ನ ಹಾಕಿದ ಕೈ ಕಣೋ ಇದು!"

ಏದುಸಿರು ಬಿಡುತ್ತಾ ಬಂದ ಮೇಷ್ಟ್ರು ಗುಂಡಿಗೆ ಬಗ್ಗಿದರು. ನಾಯಿ ಅವರ ಕೆನ್ನೆಯನ್ನು ಪಚಪಚನೆ ನೆಕ್ಕಿತು. "ನೋಡಿದ್ಯಾ? ಯೋಗ್ಯತೆ ಯಾರಿಗಿದೆ ಅಂತ ಪ್ರಾಣಿಗೂ ಗೊತ್ತಾಗತ್ತೆ," ಎಂದು ಮೇಷ್ಟ್ರು ಬೀಗಿದರು.

ದರ್ಜಿ ತನ್ನ ಅಂಗಿ ಬಿಚ್ಚಿ ನಾಯಿಗೆ ಸುತ್ತಿ ಹೆಗಲಿಗೇರಿಸಿದ. ದಾರಿಯಲ್ಲಿ ಗಿರಾಕಿಯೊಬ್ಬಳು ಅಡ್ಡಗಟ್ಟಿದಳು. "ನನ್ನ ಬಟ್ಟೆ ಹೊಲಿದಾಯ್ತಾ?"

"ತಾಯಿ, ನನ್ನ ಮೈಮೇಲೇ ಬಟ್ಟೆಯಿಲ್ಲ. ದಾರಿ ಬಿಡಿ!"

ಆಸ್ಪತ್ರೆಯಲ್ಲಿ ಪಶುವೈದ್ಯೆ ನಾಯಿಯ ಕಣ್ಣಿನ ಸುತ್ತ ಒರೆಸಿ, ಮರಗಟ್ಟಿಸುವ ಹನಿ ಬಿಟ್ಟು, ರೆಪ್ಪೆ ಸರಿಸಿ ಚಿಮಟದಲ್ಲಿ ಹುಳುಗಳನ್ನು ಒಂದೊಂದಾಗಿ ಎಳೆದು ತೆಗೆದರು. ಒದ್ದೆ ಹತ್ತಿಯ ಮೇಲೆ ಅವು ವಿಲವಿಲ ಹೊರಳಾಡಿದವು.

"ಕಣ್ಣೀರು ಕುಡಿಯೋಕೆ ಬರೋ ನೊಣದಿಂದ ಇದು ಬರೋದು. ತುಂಬಾ ದಿನದಿಂದ ಇದೆ, ಇನ್ನೂ ಬಿಟ್ಟಿದ್ರೆ ಕಣ್ಣಿಗೇ ಸಂಚಕಾರ ಬರ್ತಿತ್ತು. ಮನೇಲಿ ಯಾರೂ ನೋಡ್ಲೇ ಇಲ್ವಾ?"

"ನಾನೂ ಅದನ್ನೇ ಹೇಳೋದು ಡಾಕ್ಟರಮ್ಮಾ!" ಜೊತೆಗೇ ಬಂದಿದ್ದ ಮೇಷ್ಟ್ರ ದನಿ ಏರಿತು. "ಇಂಥ ಬೇಜವಾಬ್ದಾರಿ ಮನುಷ್ಯರು ನಾಯಿ ಯಾಕೆ ಸಾಕಬೇಕು?"

ದರ್ಜಿ ತಲೆ ತಗ್ಗಿಸಿದ. ಆದರೂ ಒಳಗೊಳಗೇ ಗೆದ್ದಿದ್ದ. ಕಣ್ಣು ಉಳಿಯಿತಲ್ಲ!

ಮನೆಯ ಮುಂದೆ ಹೆಂಡತಿ ಬಕೆಟ್ ನೀರು ತಂದು, "ಯಾವುದ್ರೀ ಈ ಕೆಸರು ಮುದ್ದೆ?" ಎಂದಳು.

"ಕೆಂಚ ಕಣೇ! ಹುಳ ಎಲ್ಲಾ ತೆಗೆಸಿದೆ!"

"ಕೆಂಚ ಆಗಲೇ ಬಂದು ಮಂಚದ ಕೆಳಗೆ ಮಲಗಿದಾನಲ್ರೀ."

ಹೆಂಡತಿ ಬಕೆಟ್ ನೀರನ್ನು ಆ ನಾಯಿಯ ಮೇಲೆ ಸುರಿದಳು. ಕೆಸರಿನೊಳಗಿಂದ ಮೇಷ್ಟ್ರ ಜಾಣ ಹೊರಬಂದು, ಮೈ ಕೊಡವಿ, ಒಡೆಯನ ಕಾಲಿಗೆ ಒರಗಿ ನಿಂತ. ದರ್ಜಿ ಮೇಷ್ಟ್ರ ಬಾಯಿಂದ ಒಂದು ಒಳ್ಳೆಯ ಮಾತಿಗಾಗಿ ಕಾದ.

"ಯಾರನ್ನ ಕೇಳಿ ನನ್ನ ನಾಯಿ ಕಣ್ಣಿಗೆ ಕೈ ಹಾಕಿಸಿದೆ?" ಎಂದರು ಮೇಷ್ಟ್ರು. "ನಿನ್ನ ನಾಯಿಯ ಹುಳ ತಾನೇ ನನ್ನ ನಾಯಿಗೆ ಹತ್ತಿದ್ದು!"

ದರ್ಜಿ ಹಲ್ಲು ಕಚ್ಚಿ ನೆಟ್ಟಗೆ ಒಳಗೆ ಹೋಗಿ ಮಂಚದ ಕೆಳಗೆ ಕೈ ಚಾಚಿದ. ಕೆಂಚ ಆ ಕೈ ಮೂಸಿದ. ಆಸ್ಪತ್ರೆಯ ವಾಸನೆ! ಮರುಕ್ಷಣ ಕೆಂಚ ಹಿತ್ತಿಲ ಬಾಗಿಲು ದಾಟಿ ಬೇಲಿ ನುಗ್ಗಿದ್ದ.

"ಇವತ್ತು ನೀನೋ ನಾನೋ!" ಎನ್ನುತ್ತಾ ದರ್ಜಿ ಬರಿಮೈಯಲ್ಲೇ ಕೆಂಚನ ಹಿಂದೆ ಬೇಲಿಗೆ ನುಗ್ಗಿದ.